ಒತ್ತು

ಕಾಸಲ್‌ಮೇನ್ ಊರಿನ ಕಾಫಿ ಅಂಗಡಿಯಲ್ಲಿ
ಸೋಫಾದ ಮೇಲುಗಡೆ, ಗೋಡೆಗೆ,
ಹಳದಿ ತಗಡಿನ ಬೋರ್ಡು, ಕೆಂಪಕ್ಷರ, ಎರಡೇ ಸಾಲು:
ಇಲ್ಲಿ ಯಾರೂ
ಕೂಡಬಾರದು.

ಸುತ್ತ ಕರೀಮರದ ಕಟ್ಟು. ಮೇಲೊಂದು ಪುಟ್ಟ ದೀಪ,
ದೇವರ ಪಟಕ್ಕೆ ಹಾಕಿದ ಹಾಗೆ.
ಪಕ್ಕದಲ್ಲಿ ಚೀಟಿ: ಕಲಾವಿದ ಗೊತ್ತಿಲ್ಲ. ದಕ್ಷಿಣ ಭಾರತ.
ಗೊತ್ತಿಲ್ಲವಂತೆ!
ಬಲದಂಚಿಗೆ, ಇರುವೆ ಸಾಲು ಗೋಡೆ ಹತ್ತಿದಂತೆ,
'ರಾಚಪ್ಪ ಆರ್ಟ್ಸ್, ನರೇಗಲ್' ಎಂದು ಬರೆದದ್ದು
ಬಳ್ಳಿಯ ಕುಡಿ ಅನ್ನಿಸಿರಬೇಕು ಅವರಿಗೆ.

ನಾನು ಹಲ್ಲಿನ ಸೆಟ್ಟು ಮಾಡುವವಳು, ಹಿಂದಿನ ಬೀದಿಯಲ್ಲಿ ಲ್ಯಾಬು.
ಅವರಿವರ ಬಾಯಿಗೆ ಹೊಂದುವ ತನಕ ಉಜ್ಜಿ ಉಜ್ಜಿ
ಹನ್ನೊಂದಕ್ಕೆ ಇಲ್ಲಿ ಕಾಫಿ.
ಮೊದಲ ಸಲ ಓದಿದಾಗ ಗುಟುಕು ಗಂಟಲಲ್ಲೇ ನಿಂತಿತು.
ಮೈಸೂರಿನ ಸುಣ್ಣದಕೇರಿಯಲ್ಲಿ ಕಲಿತ ಕನ್ನಡ ನನ್ನದು;
ಅಲ್ಲಿ ಕೂಡುವುದೆಂದರೆ ಸೇರುವುದು, ಇಲ್ಲವೇ ಲೆಕ್ಕ.
ಯಾರು ಬರೆಸಿದರಪ್ಪ ಇಂಥ ಮಾತು?
ಯಾವ ಜಗಳದ ಮೇಲೆ, ಯಾವ ಕೇರಿ ಯಾವ ಕೇರಿಯನ್ನು
ಸೇರದಿರಲಿ ಅಂತ?

ಕೆಳಗೆ ಸೋಫಾದಲ್ಲಿ, ಒಂದು ಇಯರ್‌ಫೋನನ್ನು
ಎರಡು ಕಿವಿಗೆ ಹಂಚಿಕೊಂಡ ಹುಡುಗಿಯರು.
ಶನಿವಾರ, ಬೇರೆಯಾದ ಗಂಡ ಹೆಂಡತಿ,
ನಡುವೆ ಮಗು, ಮಗುವಿನ ಚೀಲ: ಈ ವಾರ ಅವನ ಪಾಳಿ.
ಬೋರ್ಡಿಗೆ ಅವರ ಗೊಡವೆಯಿಲ್ಲ, ಅವರಿಗೆ ಬೋರ್ಡಿನದಿಲ್ಲ.
ಓದಬಲ್ಲವಳು ನಾನೊಬ್ಬಳೇ,
ಕಾವಲಿಗಿಟ್ಟವಳ ಹಾಗೆ ನೋಡುತ್ತಿದ್ದೆ.

ಏನಿದೆ ಅದರಲ್ಲಿ? ಕೇಳಿದಳು ಅಂಗಡಿಯ ಬ್ರೊನ್ವಿನ್.
ಎಲ್ಲರಿಗೂ ಒಳ್ಳೆಯದಾಗಲಿ ಅಂತ, ಅಂದುಬಿಟ್ಟೆ.
ನನಗೆ ಗೊತ್ತಿತ್ತು, ಅಂದಳು.
ಕೂ ಅಕ್ಷರದ ಬಾಲ ತೋರಿಸಿ: ಇದನ್ನು ನೋಡಿಯೇ ಕೊಂಡದ್ದು,
ಕರಿಹಂಸ ಕತ್ತು ಹೊರಳಿಸಿದ ಹಾಗಿದೆ.
ಅದಂತೂ ಸುಳ್ಳಲ್ಲ.

ಮೊನ್ನೆ ಬ್ರೆಡ್ಡಿನ ಕ್ರೇಟು ಹೊತ್ತು ಹೊಸ ಹುಡುಗ.
ಎದೆಯ ಪಟ್ಟಿಯಲ್ಲಿ ಹೆಸರು: ದಾವಲ್ ನದಾಫ್.
ಕ್ರೇಟು ಇಳಿಸಿದ, ತಲೆಯೆತ್ತಿದ, ನಕ್ಕ,
ನಗು ನಿಲ್ಲಲೇ ಇಲ್ಲ.
'ಏ, ಇದು ನಮ್ಮ ಕಡೀದು!' ಎಂದ ಯಾರಿಗೋ. ನನಗೆ ತಾಗಿತು.
ನಗುವಂಥದ್ದೇನು, ಯಾರೂ ಕೂಡಬಾರದಂತೆ, ಅಂದೆ.
'ಕೂಡಬಾರದಲ್ರೀ ಅಕ್ಕಾರ. ಕೂಡ್ರಬಾರದು!
ಕುಂದರಬ್ಯಾಡ್ರಿ ಅಂತ. ಗಿರಣಿ ಕಟ್ಟೀದಿರಬೇಕು.
ರ ಒತ್ತು ಈ ಕಟ್ಟಿನಾಗ ಸಿಕ್ಕೊಂಡೈತಿ, ನೋಡ್ರಿಲ್ಲಿ.'
ಬೆರಳಿಟ್ಟ ಕಡೆ, ಕರೀಮರದ ಅಂಚಿನಲ್ಲಿ,
ಕೂದಲೆಳೆಯಷ್ಟು ಕೆಂಪು.

ಕಟ್ಟು ನುಂಗಿದ್ದು ಅರ್ಧ ಇಂಚು, ಅಷ್ಟೇ.
ಅರ್ಧ ಇಂಚಿನಲ್ಲಿ ಗಿರಣಿ ಹೋಯಿತು, ಕಟ್ಟೆ ಹೋಯಿತು,
ಜೋಳದ ಡಬ್ಬಿ ಹಿಡಿದು ಕಾದವರು ಹೋದರು,
ಅವರನ್ನು ಏಳಿಸಲಾರದೆ ರೇಗಿದ ಮಾಲೀಕ ಹೋದ.
ಬಂದದ್ದು ನಾನೇ ಕಟ್ಟಿದ ಜಗಳ, ಎಲ್ಲೂ ಆಗದ್ದು.
ಆರು ತಿಂಗಳು ಅದಕ್ಕಾಗಿ ಮರುಗಿದ್ದೆ.
ನಿಜ ಹೇಳಬೇಕೆಂದರೆ, ಅದು ಹೋದದ್ದಕ್ಕೂ
ಒಂದು ಗಳಿಗೆ ಮರುಗಿದೆ.

'ಯಾರರ ಕೇಳ್ತಿದ್ರೇನು? ಬೋರ್ಡಿಗೇ ಬೆನ್ನ ಹಚ್ಚಿ ಕೂಡ್ರತಿದ್ರು.
ನಮ್ಮಜ್ಜನ ಅಂಗಿಗೆ ಹಸೀ ಬಣ್ಣ ಹತ್ತಿ
ಬೆನ್ನ ಮ್ಯಾಲೆ ಬಾರದು ಅಂತ ಉಲ್ಟಾ ಬಿದ್ದಿತ್ತಂತ.
ಅದನ್ನೇ ತೊಟ್ಕೊಂಡು ಮದುವಿಗೆ ಹೋಗಿದ್ನಂತ.'

ಹೊರಗೆ, ವಾಹನ ನಿಲ್ಲಿಸಬಾರದೆಂಬ ಕಂಬದ ಬುಡದಲ್ಲೇ
ಅವನ ವ್ಯಾನು ಕಣ್ಣು ಮಿಟುಕಿಸುತ್ತಿದೆ.
(ಆ ಫಲಕಕ್ಕೂ ಗದಗಿನ ಯಾವುದೋ ಹೋಟೆಲಿನಲ್ಲಿ
ಒಂದು ದಿನ ಯಾರಾದರೂ ದೀಪ ಹಾಕಿಯಾರು.)
ಕೌಂಟರಿನಿಂದ ಬ್ರೊನ್ವಿನ್ ನಮ್ಮನ್ನೇ ನೋಡುತ್ತಾಳೆ,
ಆಶೀರ್ವಾದದ ಕೆಳಗೆ ಇಬ್ಬರು ಅಂದುಕೊಂಡು.
ದಾವಲ್ ಸೋಫಾದ ತುದಿಗೆ ಸರಿದ,
ಕೈಗೆ ಹತ್ತಿದ ಹಿಟ್ಟು ತೊಡೆಗೊರೆಸಿ
'ಕೂಡ್ರಿ' ಅಂದ.

ಕುಳಿತುಕೊಳ್ಳಿ ಅಂದನೋ, ಸೇರಿಕೊಳ್ಳಿ ಅಂದನೋ,
ಕೇಳಲಿಲ್ಲ.
ಒತ್ತಂತೂ ಇತ್ತು.